ಪಾಪ್ ಹಾಡಿನ ಅರ್ಥ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಮಾನ್ಯವಾಗಿ ಪಂಪನೂ ಕುಮಾರವ್ಯಾಸನೂ ಬಂದು ಹೋಗುತ್ತಾರೆ. ವರ್ಷಕ್ಕೊಮ್ಮೆಯಾದರೂ ಬೇಂದ್ರೆಯವರು ಬರುತ್ತಾರೆ. ಇಂಥ ಸ್ಥಳದಲ್ಲಿ ನಿಂತು ಇಂಗ್ಲಿಷ್ ಪಾಪ್ ಹಾಡುಗಳ ವಿಷಯವಾಗಿ ಮಾತನಾಡುತ್ತೇನೆಂದು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಬ್ಯಾಂಕಿನವರು, ಉಳಿತಾಯದ ವಿಷಯ ಹೇಳಬಾರದೆ?" ಎಂದರು. ಉಳಿತಾಯದ ವಿಷಯವನ್ನು ನಾನು ದಿನವೂ ಕೌಂಟರಿನ ಹಿಂದೆ ಕುಳಿತು ಹೇಳುತ್ತಲೇ ಇದ್ದೇನೆ, ಯಾರೂ ಕೇಳುವುದಿಲ್ಲ. ಆದ್ದರಿಂದ ಈ ವಿಷಯವನ್ನೇ ಹಿಡಿದು ಬಂದಿದ್ದೇನೆ. ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ, ಬಿ.ಕಾಂ. ಓದಿದವನು. ಸಂಗೀತವಂತೂ ಬಾರದು. ಹಾಗಿದ್ದರೂ ಇದನ್ನು ಹೇಳಬೇಕೆನ್ನಿಸಿದ್ದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತು ಗಂಟೆಯ ಸುಮಾರಿಗೆ ಚಿಂಚವಡದಿಂದ ನಮ್ಮ ಅಕ್ಕನ ಫೋನು ಬಂತು. "ತಮ್ಮಾ, ಈಗಿಂದೀಗ ಹೊಂಟ ಬಾ. ಹುಡುಗ ಏನೋ ಮಾಡಿಕೊಂಡು ಬಂದಾನ. ಫೋನಿನ್ಯಾಗ ಹೇಳೂ ಮಾತಲ್ಲ" ಎಂದಳು. ಭಾವನವರಿಗೆ ಕಾರ್ಖಾನೆಯಲ್ಲಿ ಅಂದು ರಾತ್ರಿ ಪಾಳಿ. ಮಳೆಯಲ್ಲಿ ಬೈಕು ಹೊಡೆದುಕೊಂಡು ಹೋದೆ. ಅಕ್ಕ ಅಡಿಗೆಮನೆಯಲ್ಲಿ ನೆಲದ ಮೇಲೆ ಕುಳಿತಿದ್ದಳು. ಮುಂದೆ ಒಂದು ನೋಟುಬುಕ್ಕು. ಅಕ್ಕ ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ, ಹತ್ತನೆಯ ಇಯತ್ತೆಯವರೆಗೆ. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಬಲ್ಲಳು. ಹಾಗೆ ಕೂಡಿಸಿ ಕೂಡಿಸಿ ಅರ್ಧ ಗಂಟೆಯಲ್ಲಿ ಒಂದು ಪುಟ ಓದಿದ್ದಳು. ಅದು ಮಗ ತಾಯಿಗೆ ಬರೆದ ಕಾಗದದಂತೆ ಇತ್ತು. ತಾನೊಬ್ಬ ಮನುಷ್ಯನನ್ನು ಗುಂಡಿಕ್ಕಿ ಕೊಂದಿರುವುದಾಗಿ ಅದರಲ್ಲಿ ಬರೆದಿತ್ತು. ಬಾಳು ಶುರುವಾಗುವ ಮೊದಲೇ ಕೆಡಿಸಿಕೊಂಡೆನೆಂದೂ, ಹುಟ್ಟಿದ್ದೇ ಬೇಡವಾಗಿತ್ತೆಂದೂ ಇತ್ತು. ಅಕ್ಷರ ನಮ್ಮ ಹುಡುಗನದೇ. ಹುಡುಗ ಗೆಳೆಯನ ಮನೆಗೆ ಹೋದವನು ಇನ್ನೂ ಬಂದಿರಲಿಲ್ಲ.

ನಾನು ಎರಡು ಸಾಲು ಓದುತ್ತಲೇ ನಕ್ಕುಬಿಟ್ಟೆ. ಈಗ ನೆನೆದರೆ, ನಗಬಾರದಿತ್ತು. "ಅಕ್ಕಾ, ಇದು ಹಾಡು! ಐವತ್ತು ವರ್ಷದ ಹಿಂದಿನ ಹಾಡು. ಇದನ್ನು ಬರೆದವನು ಸತ್ತು ಮೂವತ್ತು ವರ್ಷದ ಮೇಲಾಯಿತು" ಎಂದೆ. ಅಕ್ಕನಿಗೆ ಅರ್ಧ ಸಮಾಧಾನವಾಯಿತು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ಆ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಈ ಸಂಗತಿಯನ್ನು ಅಕ್ಕನ ಮತ್ತು ಅಳಿಯನ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ಅಳಿಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ, ದಯವಿಟ್ಟು ಯಾರೂ ತಿರುಗಿ ನೋಡಬೇಡಿ.

ಆ ಹಾಡಿನ ಹೆಸರು 'ಬೊಹೀಮಿಯನ್ ರ‍್ಯಾಪ್ಸೊಡಿ'. ಹಾಡಿದವರು 'ಕ್ವೀನ್' ಎಂಬ ಇಂಗ್ಲೆಂಡಿನ ತಂಡದವರು. ಬರೆದವನು ಆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ. ಬಿಡುಗಡೆಯಾದದ್ದು ೧೯೭೫ನೆಯ ಇಸವಿ ಅಕ್ಟೋಬರ್ ೩೧ರಂದು, ಅಂದರೆ ನಮ್ಮ ರಾಜ್ಯೋತ್ಸವದ ಹಿಂದಿನ ದಿನ. ಈ ಕಾಕತಾಳೀಯವನ್ನು ಕಾರ್ಯದರ್ಶಿಗಳಿಗೆ ತೋರಿಸಿದ ಮೇಲೆಯೇ ಅವರು ಸ್ವಲ್ಪ ಮೆತ್ತಗಾದದ್ದು.

ಮರ್ಕ್ಯುರಿ ಎಂಬ ಹೆಸರು ಕೇಳಿ ಯಾರೋ ದೂರದವನೆಂದು ತಿಳಿಯಬೇಡಿ. ಅವನ ಹುಟ್ಟು ಹೆಸರು ಫರೂಖ್ ಬುಲ್ಸಾರಾ, ಪಾರಸಿ. ಗುಜರಾತಿನ ಬುಲ್ಸಾರದ, ಅಂದರೆ ಇಂದಿನ ವಲಸಾಡಿನ ಮನೆತನ. ೧೯೪೬ರಲ್ಲಿ ಹುಟ್ಟಿದ್ದು ಆಫ್ರಿಕದ ಝಾಂಜಿಬಾರಿನಲ್ಲಿ. ತಂದೆ ಅಲ್ಲಿನ ಕೋರ್ಟಿನಲ್ಲಿ ಕ್ಯಾಷಿಯರ್. ನಮ್ಮ ವೃತ್ತಿಯವನ ಮಗ ಎಂದು ನನಗೆ ಆತನ ಮೇಲೆ ಒಂದು ಗುಲಗಂಜಿಯಷ್ಟು ಹೆಚ್ಚು ಅಭಿಮಾನ. ಎಂಟರ ವಯಸ್ಸಿನಲ್ಲಿ ಹುಡುಗನನ್ನು ಹಡಗು ಹತ್ತಿಸಿ ಓದಲು ಕಳಿಸಿದ್ದು ಎಲ್ಲಿಗೆ ಗೊತ್ತೇ? ನಾವು ನೀವು ಮೇ ತಿಂಗಳಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಸ್ಟ್ರಾಬೆರಿ ತಿನ್ನಲು ಹೋಗುವ ಪಂಚಗಣಿಗೆ, ಸೇಂಟ್ ಪೀಟರ್ಸ್ ಶಾಲೆಗೆ. ಪುಣೆಯಿಂದ ನೂರು ಕಿಲೋಮೀಟರು. ಅಲ್ಲಿಯೇ ಅವನು ಪಿಯಾನೊ ಕಲಿತ. ಅಲ್ಲಿಯೇ ಗೆಳೆಯರೊಡನೆ 'ಹೆಕ್ಟಿಕ್ಸ್' ಎಂಬ ಸಣ್ಣ ತಂಡ ಕಟ್ಟಿದ. ೧೯೬೪ರಲ್ಲಿ ಝಾಂಜಿಬಾರಿನಲ್ಲಿ ಕ್ರಾಂತಿಯಾಯಿತು; ಮನೆಮಂದಿಯೆಲ್ಲ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಇಂಗ್ಲೆಂಡಿಗೆ ಓಡಿಹೋದರು. ಊರು ಬಿಟ್ಟು ಊರಿಗೆ ಬಂದವರ ಮಗ, ಹೆಸರು ಬದಲಿಸಿಕೊಂಡವನು.

ಈತ ಬರೆದ ಆ ಹಾಡು ಸುಮಾರು ಆರು ನಿಮಿಷದ್ದು. ಸರಿಯಾಗಿ ಹೇಳಬೇಕೆಂದರೆ ೫ ನಿಮಿಷ ೫೫ ಸೆಕೆಂಡು. ರೇಡಿಯೋದವರು ಮೂರು ನಿಮಿಷಕ್ಕಿಂತ ಹೆಚ್ಚು ಹಾಡಿದರೆ ಮುಖ ಗಂಟಿಕ್ಕುತ್ತಿದ್ದ ಕಾಲ. ಅದಕ್ಕೆ ಪಲ್ಲವಿಯೇ ಇಲ್ಲ. ಮೊದಲು ಶೋಕ, ಆಮೇಲೆ ಇಟಲಿಯ ಸಂಗೀತನಾಟಕದ ಮಾದರಿಯ ಗದ್ದಲ, ಆಮೇಲೆ ರೋಷ, ಕೊನೆಗೆ ಉಸಿರು ಬಿಟ್ಟಂಥ ಶಾಂತಿ. ನಡುವಣ ಗದ್ದಲದಲ್ಲಿ ಬರುವ ಹೆಸರುಗಳನ್ನು ಕೇಳಿ: ಸ್ಕರಮೂಷ್, ಇಟಲಿಯ ಬೀದಿನಾಟಕದ ಜಂಬದ ಕೋಡಂಗಿ, ಗೆಲಿಲಿಯೋ, ದೂರದರ್ಶಕದಿಂದ ಗ್ರಹಗಳನ್ನು ನೋಡಿದವನು, ಫಿಗರೊ, ಮೋಟ್ಸಾರ್ಟನ ನಾಟಕದ ಸೇವಕ, ಬೀಲ್ಜೆಬಬ್, ಸೈತಾನನ ಒಂದು ಹೆಸರು. ಇವರೆಲ್ಲರ ನಡುವೆ 'ಬಿಸ್ಮಿಲ್ಲಾ', ದೇವರ ಹೆಸರಿನಲ್ಲಿ ಎಂಬ ಅರಬ್ಬಿ ಮಾತು. ಒಬ್ಬ ಹುಡುಗನನ್ನು ಬಿಡಬೇಕೋ ಬಿಡಬಾರದೋ ಎಂದು ಎರಡು ಪಂಗಡದವರು ಎಳೆದಾಡುತ್ತಾರೆ. ಅದೆಲ್ಲ ಏನೆಂದು ಕೇಳಿದರೆ, ಬರೆದವನು ಜನ ಕೇಳಲಿ, ಯೋಚಿಸಲಿ, ತಮ್ಮ ತಮ್ಮ ನಿರ್ಧಾರಕ್ಕೆ ಬರಲಿ ಎಂಬರ್ಥದ ಮಾತು ಹೇಳಿ ಸುಮ್ಮನಾದ. ೧೯೯೧ರ ನವೆಂಬರಿನಲ್ಲಿ ತೀರಿಕೊಂಡ. ತಂಡದ ಉಳಿದವರೂ ಬಾಯಿ ಬಿಟ್ಟಿಲ್ಲ.

ಬರೆದವನು ಸುಮ್ಮನಾದರೆ ಓದುವವರು ಸುಮ್ಮನಾಗುತ್ತಾರೆಯೆ? ತಾನು ಪುರುಷರನ್ನು ಪ್ರೀತಿಸುವವನೆಂಬುದನ್ನು ಬಹಿರಂಗವಾಗಿ ಹೇಳಲಾರದ ಮರ್ಕ್ಯುರಿ ತನ್ನ ಹಳೆಯ ವೇಷವನ್ನೇ ಇಲ್ಲಿ 'ಕೊಂದಿದ್ದಾನೆ', ತಾಯಿಗೆ ಹೇಳುತ್ತಿರುವುದು ಅದನ್ನೇ ಎಂದು ಗೀತರಚನೆಕಾರ ಟಿಮ್ ರೈಸ್ ಮೊದಲಾದವರು ಹೇಳಿದ್ದಾರೆ. ೨೦೦೪ರಲ್ಲಿ ಇರಾನಿನಲ್ಲಿ ಈ ತಂಡದ ಹಾಡುಗಳ ಕ್ಯಾಸೆಟ್ಟು ಸರಕಾರದ ಒಪ್ಪಿಗೆ ಪಡೆದು ಮಾರಾಟಕ್ಕೆ ಬಂತು. ಅದರ ಜೊತೆಗೆ ಅರ್ಥ ವಿವರಿಸುವ ಒಂದು ಚೀಟಿ ಇಟ್ಟಿದ್ದರು. ಅದರ ಪ್ರಕಾರ, ಹುಡುಗನೊಬ್ಬ ಅಕಸ್ಮಾತ್ತಾಗಿ ಕೊಲೆ ಮಾಡಿ, ಆತ್ಮವನ್ನು ಸೈತಾನನಿಗೆ ಮಾರಿಕೊಂಡು, ಗಲ್ಲಿಗೇರುವ ಹಿಂದಿನ ರಾತ್ರಿ 'ಬಿಸ್ಮಿಲ್ಲಾ' ಎಂದು ದೇವರನ್ನು ಕರೆದು ಅದನ್ನು ಬಿಡಿಸಿಕೊಳ್ಳುತ್ತಾನೆ. ಒಂದೇ ಹಾಡು; ಲಂಡನ್ನಿನಲ್ಲಿ ಒಂದು ಅರ್ಥ, ತೆಹರಾನಿನಲ್ಲಿ ಇನ್ನೊಂದು, ಚಿಂಚವಡದ ಅಡಿಗೆಮನೆಯಲ್ಲಿ ಮತ್ತೊಂದು. ಯಾವುದು ಸರಿ?

ಇದೇನು ಹೊಸ ಕಷ್ಟವಲ್ಲ. ಅಲ್ಲಮಪ್ರಭುವಿನ ಬೆಡಗಿನ ವಚನಗಳಿಗೆ ಟೀಕು ಬರೆಯುವುದೇ ನಮ್ಮಲ್ಲಿ ಒಂದು ವಿದ್ಯೆಯಾಗಿತ್ತು. ಕನಕದಾಸರ ಮುಂಡಿಗೆಗಳನ್ನು ಬಿಡಿಸಲು ಈಗಲೂ ಪಂಡಿತರು ಬೇಕು. ಬಾಗಲಕೋಟೆಯ ಕಡೆ ನಮ್ಮ ಊರಿನಲ್ಲಿ ರಾತ್ರಿ ಭಜನೆಯಲ್ಲಿ ಶಿಶುನಾಳ ಷರೀಫರ ಪದ ಹಾಡಿದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಹಿರಿಯರು ಅದರ ಅರ್ಥಕ್ಕಾಗಿ ಜಗಳಾಡುವುದನ್ನು ಚಿಕ್ಕವನಾಗಿ ನೋಡಿದ್ದೇನೆ. ಒಬ್ಬರು ಅದು ದೇಹ ಎನ್ನುವರು, ಒಬ್ಬರು ಮಾಯೆ ಎನ್ನುವರು, ಒಬ್ಬರು ಸುಮ್ಮನೆ ಅದು ಊರ ಗೌಡನನ್ನು ಬೈದದ್ದು ಎನ್ನುವರು. ನಾನು ಅಜ್ಜನನ್ನು ಕೇಳಿದರೆ, "ಮೊದಲ ತಾಳ ಸರಿ ಹಾಕು, ಅರ್ಥ ಆಮ್ಯಾಲೆ ಬರತೈತಿ" ಎಂದು ಗದರಿಸಿದ್ದ. ಹೀಗಾಗಿ ನಮಗೆ ಒಗಟಿನ ಹಾಡು ಹೊಸದಲ್ಲ. ಇಂಗ್ಲಿಷಿನಲ್ಲಿಯೂ ಅಂಥವು ಇವೆ ಎಂಬುದನ್ನು ನಾವು ನಂಬುವುದಿಲ್ಲ, ಅಷ್ಟೆ. ಅಲ್ಲಿಯ ಹಾಡೆಂದರೆ ಕೂಗಾಟ, ಕುಣಿತ, ಹುಡುಗರನ್ನು ಕೆಡಿಸುವ ಸಾಧನ ಎಂದು ಮೊದಲೇ ತೀರ್ಮಾನ ಬರೆದಿಟ್ಟಿರುತ್ತೇವೆ. ೨೦೧೬ರಲ್ಲಿ ಬಾಬ್ ಡಿಲನ್ ಎಂಬ ಹಾಡುಗಾರನಿಗೆ ಸಾಹಿತ್ಯದ ನೊಬೆಲ್ ಪಾರಿತೋಷಕ ಬಂದಾಗ ಅಲ್ಲಿಯವರೇ ಹಲವರು ಹುಬ್ಬು ಗಂಟಿಕ್ಕಿದರಂತೆ, ನಮ್ಮನ್ನು ಕೇಳುವುದೇನು? ಆತನೂ ಮರುವರ್ಷದ ನೊಬೆಲ್ ಉಪನ್ಯಾಸದಲ್ಲಿ, ತನ್ನ ಹಾಡುಗಳಿಗೆಲ್ಲ ಏನರ್ಥ ಎಂದು ತಾನು ತಲೆ ಕೆಡಿಸಿಕೊಳ್ಳುವುದಿಲ್ಲ ಎಂಬ ಧಾಟಿಯಲ್ಲಿಯೇ ಮಾತನಾಡಿದ.

ಅರ್ಥಕ್ಕಿಂತ ಮೊದಲು ಶಬ್ದ ಕಿವಿಗೆ ಬೀಳಬೇಕಷ್ಟೆ. ಅದೇ ದೊಡ್ಡ ತೊಡಕು. ಸಿಲ್ವಿಯಾ ರೈಟ್ ಎಂಬ ಅಮೆರಿಕದ ಲೇಖಕಿ ಚಿಕ್ಕಂದಿನಲ್ಲಿ ತಾಯಿ ಓದುತ್ತಿದ್ದ ಹಳೆಯ ಸ್ಕಾಟಿಷ್ ಲಾವಣಿಯೊಂದರಲ್ಲಿ, ಸತ್ತ ಸರದಾರನನ್ನು ಹುಲ್ಲಿನ ಮೇಲೆ ಇಟ್ಟರೆಂಬ ಅರ್ಥದ ಮಾತನ್ನು 'ಲೇಡಿ ಮಾಂಡಗ್ರೀನ್' ಎಂಬ ಹೆಂಗಸಿನ ಹೆಸರೆಂದು ಕೇಳಿಸಿಕೊಂಡಿದ್ದಳು. ಪಾಪ, ಸರದಾರನ ಜೊತೆಗೆ ಅವಳೂ ಸತ್ತಳೆಂದು ವರ್ಷಗಟ್ಟಲೆ ಮರುಗಿದಳು. ೧೯೫೪ರಲ್ಲಿ ಅದನ್ನೊಂದು ಪ್ರಬಂಧವಾಗಿ ಬರೆದಳು. ಅಂದಿನಿಂದ ಹಾಡಿನ ಶಬ್ದವನ್ನು ತಪ್ಪಾಗಿ ಕೇಳುವುದಕ್ಕೆ ಇಂಗ್ಲಿಷಿನಲ್ಲಿ 'ಮಾಂಡಗ್ರೀನ್' ಎಂದೇ ಹೆಸರಾಯಿತು. ನನ್ನ ಕಾಲೇಜು ಗೆಳೆಯನೊಬ್ಬ ಇಂಥದೇ ಒಂದು ತಪ್ಪು ಶಬ್ದಕ್ಕೆ ಪಣ ಕಟ್ಟಿ ನಾಲ್ಕು ಪ್ಲೇಟು ಮಿಸಳ ಸೋತ.

ಮಿಸಳ ಸೋತರೆ ಚಿಂತೆಯಿಲ್ಲ, ಸರಕಾರವೇ ಸೋತದ್ದುಂಟು. 'ಲೂಯಿ ಲೂಯಿ' ಎಂಬ ಹಾಡು, ರಿಚರ್ಡ್ ಬೆರ‍್ರಿ ಎಂಬ ಕರಿಯ ಗಾಯಕ ಬರೆದದ್ದು. ಹಾಡಿನ ಸಂಗತಿ ಇಷ್ಟೇ: ಒಬ್ಬ ನಾವಿಕ ಹೆಂಡದಂಗಡಿಯವನ ಮುಂದೆ ಕುಳಿತು, ಜಮೈಕದಲ್ಲಿ ತನ್ನ ಹುಡುಗಿ ಕಾದಿದ್ದಾಳೆ, ಹೋಗಬೇಕು ಎಂದು ಹಲುಬುತ್ತಾನೆ. ೧೯೬೩ರಲ್ಲಿ ಆರೆಗಾನ್ ಪ್ರಾಂತದ 'ಕಿಂಗ್ಸ್‌ಮೆನ್' ಎಂಬ ಹುಡುಗರ ತಂಡ ಅದನ್ನು ಮತ್ತೆ ಧ್ವನಿಮುದ್ರಿಸಿತು. ಮೈಕು ಎಲ್ಲೋ ಮೇಲೆ ತೂಗುತ್ತಿತ್ತಂತೆ, ಹಾಡುವವನು ಕತ್ತು ಚಾಚಿ ಕೂಗಿದ, ಒಂದಕ್ಷರವೂ ತಿಳಿಯದಂತಾಯಿತು. ತಿಳಿಯದ್ದರಲ್ಲಿ ಏನನ್ನಾದರೂ ಕೇಳಬಹುದಲ್ಲವೆ? ಶಾಲೆಯ ಹುಡುಗರು ತಾವೇ ಅಶ್ಲೀಲ ಸಾಲುಗಳನ್ನು ಬರೆದು, ಇದೇ ನಿಜವಾದ ಹಾಡು ಎಂದು ಕೈಯಿಂದ ಕೈಗೆ ಹಂಚಿದರು. ತಂದೆತಾಯಿಗಳು ಹೌಹಾರಿದರು. ಇಂಡಿಯಾನಾ ರಾಜ್ಯದ ಗವರ್ನರರೇ ಅದನ್ನು ಅಶ್ಲೀಲವೆಂದರು. ದೂರು ದಿಲ್ಲಿಗೆ ಹೋದ ಹಾಗೆ ವಾಷಿಂಗ್ಟನ್ನಿಗೆ ಹೋಗಿ, ೧೯೬೪ರಲ್ಲಿ ಎಫ್.ಬಿ.ಐ. ತನಿಖೆ ಆರಂಭಿಸಿತು. ಕೊಲೆಗಡುಕರನ್ನು ಹಿಡಿಯುವ ದೊಡ್ಡ ಇಲಾಖೆ ಗ್ರಾಮಫೋನ್ ತಟ್ಟೆಯನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕಿವಿಗೊಟ್ಟು ಕುಳಿತಿತು. ಸುಮಾರು ಎರಡು ವರ್ಷ ಕಾಗದ ಪತ್ರ ನಡೆಯಿತು. ಕೊನೆಗೆ, ಯಾವ ವೇಗದಲ್ಲಿಯೂ ಏನೂ ತಿಳಿಯುವುದಿಲ್ಲ ಎಂದು ಷರಾ ಬರೆದು ಮುಗಿಸಿದರು. ನಮ್ಮ ಬ್ಯಾಂಕಿನ ಆಡಿಟ್ಟಿನಲ್ಲಿಯೂ ಇಂಥ ಷರಾ ಕಂಡಿದ್ದೇನೆ.

ಶಬ್ದ ತಿಳಿದರೂ ಜನ ಬಿಡುವುದಿಲ್ಲ, ಅದರ ಹಿಂದೆ ಬೇರೇನೋ ಇದೆ ಎನ್ನುತ್ತಾರೆ. ಬೀಟಲ್ಸ್ ತಂಡದವರು ೧೯೬೭ರಲ್ಲಿ ಲೂಸಿ ಎಂಬವಳು ವಜ್ರಗಳ ಜೊತೆ ಆಕಾಶದಲ್ಲಿರುವ ಬಗೆಗೆ ಒಂದು ಹಾಡು ಹಾಡಿದರು. ಹೆಸರಿನ ಮುಖ್ಯ ಶಬ್ದಗಳ ಮೊದಲ ಅಕ್ಷರ ಕೂಡಿಸಿದರೆ 'ಎಲ್.ಎಸ್.ಡಿ.' ಆಗುತ್ತದೆ, ಅದೊಂದು ಅಮಲಿನ ಪದಾರ್ಥ. ಹಾಡು ಅದರ ಪ್ರಚಾರವೆಂದು ಗುಲ್ಲೆದ್ದಿತು. ಬರೆದ ಜಾನ್ ಲೆನನ್ ಹೇಳಿದ್ದೇ ಬೇರೆ: ತನ್ನ ಪುಟ್ಟ ಮಗ ಜೂಲಿಯನ್ ಶಿಶುವಿಹಾರದಿಂದ ಒಂದು ಚಿತ್ರ ಬರೆದು ತಂದ, ಜೊತೆಯ ಹುಡುಗಿ ಲೂಸಿಯ ಚಿತ್ರ, ಹೆಸರು ಅವನೇ ಹೇಳಿದ್ದು. ಲೆನನ್ ಆ ದಿನಗಳಲ್ಲಿ ಅಮಲು ಸೇವಿಸುತ್ತಿದ್ದನೆಂಬುದೂ ನಿಜ, ಅವನು ಅದನ್ನು ಮುಚ್ಚಿಡಲಿಲ್ಲ. ಆದರೂ ಈ ಮಾತನ್ನು ಮಾತ್ರ ಬದಲಿಸಲಿಲ್ಲ. ನಾನು ಅವನನ್ನು ನಂಬುತ್ತೇನೆ. ಮಗುವಿನ ಚಿತ್ರದ ಸುಳ್ಳನ್ನು ಕಟ್ಟುವುದು ಕಷ್ಟ.

ಇದೇ ಲೆನನ್‌ಗೆ ಅದೇ ವರ್ಷ ಅವನು ಓದಿದ ಶಾಲೆಯ ಹುಡುಗನೊಬ್ಬ ಕಾಗದ ಬರೆದ. ತಮ್ಮ ಮಾಸ್ತರರು ಪಾಠದಲ್ಲಿ ಬೀಟಲ್ಸ್ ಹಾಡುಗಳ ಅರ್ಥ ಬಿಡಿಸುತ್ತಿದ್ದಾರೆ ಎಂದು. ಲೆನನ್‌ಗೆ ನಗು ಬಂತು. ಯಾರಿಗೂ ಅರ್ಥವಾಗದ ಹಾಡು ಬರೆಯುತ್ತೇನೆ, ಬಿಡಿಸಲಿ ನೋಡೋಣ ಎಂದು ಅಸಂಬದ್ಧ ಸಾಲುಗಳನ್ನು ಪೋಣಿಸಿ 'ಐ ಆ್ಯಮ್ ದ ವಾಲ್ರಸ್' ಬರೆದ. ವಾಲ್ರಸ್ ಎಂಬ ಕಡಲ ಪ್ರಾಣಿಯನ್ನು ಎತ್ತಿಕೊಂಡದ್ದು ಲೂಯಿ ಕ್ಯಾರಲನ ಪುಸ್ತಕದ ಪದ್ಯದಿಂದ. ತಮಾಷೆಯೆಂದರೆ, ಆ ಪದ್ಯದಲ್ಲಿ ವಾಲ್ರಸ್ಸೇ ಸಿಂಪಿಗಳನ್ನು ಮರುಳು ಮಾಡಿ ತಿಂದುಬಿಡುವ ಖಳ. ಲೆನನ್ ಅದನ್ನು ಸರಿಯಾಗಿ ಗಮನಿಸಿದ್ದು ಬಹಳ ತಡವಾಗಿ. ಓದುಗರನ್ನು ಹಾಸ್ಯ ಮಾಡಲು ಹೊರಟವನೇ ಓದುವುದರಲ್ಲಿ ಎಡವಿದ. ಆ ಮಾಸ್ತರರಿಗೆ ಇದು ತಿಳಿದಿದ್ದರೆ ಸಂತೋಷಪಡುತ್ತಿದ್ದರು.

ಇಲ್ಲದ ಅರ್ಥ ಹುಡುಕುವುದೆಲ್ಲ ನಗೆಯಲ್ಲಿಯೇ ಮುಗಿಯುವುದಿಲ್ಲ. ಇಂಗ್ಲೆಂಡಿನ ಜಾತ್ರೆಗಳಲ್ಲಿ ಮಕ್ಕಳು ಸುತ್ತಿ ಸುತ್ತಿ ಜಾರುವ ಗೋಪುರಕ್ಕೆ 'ಹೆಲ್ಟರ್ ಸ್ಕೆಲ್ಟರ್' ಎನ್ನುತ್ತಾರೆ. ಆ ಹೆಸರಿನ ಬೀಟಲ್ಸ್ ಹಾಡನ್ನು ಚಾರ್ಲ್ಸ್ ಮ್ಯಾನ್ಸನ್ ಎಂಬ ಅಮೆರಿಕದ ದುರುಳ, ಬಿಳಿಯರಿಗೂ ಕರಿಯರಿಗೂ ನಡೆಯಲಿರುವ ಯುದ್ಧದ ಭವಿಷ್ಯವಾಣಿಯೆಂದು ತನ್ನ ಶಿಷ್ಯರಿಗೆ ಬೋಧಿಸಿದ. ೧೯೬೯ರ ಆಗಸ್ಟಿನಲ್ಲಿ ಅವನ ಶಿಷ್ಯರು ಲಾಸ್ ಏಂಜಲಿಸಿನಲ್ಲಿ ಎರಡು ರಾತ್ರಿಗಳಲ್ಲಿ ಏಳು ಮಂದಿಯನ್ನು ಕೊಂದರು. ಇದಕ್ಕೆ ಹಾಡು ಏನು ಮಾಡೀತು?

ನಮ್ಮ ಮನೆಗಳಲ್ಲಿ ನಡೆಯುವುದು ಮಾತ್ರ ಇದಕ್ಕೆ ತಿರುಗು ಮುರುಗು. ಇರುವ ಅರ್ಥವನ್ನು ಬಿಟ್ಟು ರಾಗವನ್ನಷ್ಟೇ ತೆಗೆದುಕೊಳ್ಳುತ್ತೇವೆ. ಇಲ್ಲಿಯೇ ಒಂದು ದೊಡ್ಡ ಆರತಕ್ಷತೆಗೆ ಹೋಗಿದ್ದೆ. ವಧೂವರರು ವೇದಿಕೆ ಹತ್ತುವಾಗ 'ಪೊಲೀಸ್' ತಂಡದ ೧೯೮೩ರ 'ಎವ್ರಿ ಬ್ರೆತ್ ಯು ಟೇಕ್' ಹಾಡು ಹಾಕಿದರು. ರಾಗ ಮೃದು, ಸವಿಯಾಗಿದೆ. ಮಾತು ನೋಡಿದರೆ, ಕೈಬಿಟ್ಟು ಹೋದ ಹೆಣ್ಣಿನ ಪ್ರತಿಯೊಂದು ಹೆಜ್ಜೆಯನ್ನೂ ಕಾದು ನೋಡುತ್ತೇನೆ, ನೀನು ನನ್ನ ಸ್ವತ್ತು ಎನ್ನುವವನ ಮಾತು. ಬರೆದ ಸ್ಟಿಂಗ್ ಎಂಬಾತ ತನ್ನ ಮೊದಲ ಮದುವೆ ಮುರಿಯುತ್ತಿದ್ದ ದಿನಗಳಲ್ಲಿ ಬರೆದದ್ದು. ಇದೊಂದು ಕ್ರೂರವಾದ ಹಾಡೆಂದು ಅವನೇ ಮತ್ತೆ ಮತ್ತೆ ಹೇಳಿದ್ದಾನೆ. ನಮ್ಮ ಮದುವೆಯಲ್ಲಿ ಇದನ್ನೇ ಹಾಕಿಸಿದೆವು ಎಂದ ದಂಪತಿಗಳಿಗೆ, ಒಳ್ಳೆಯದಾಗಲಿ ಎಂದಷ್ಟೇ ಹೇಳಿದನಂತೆ. ನಾನೂ ಆ ಆರತಕ್ಷತೆಯಲ್ಲಿ ಅಷ್ಟೇ ಹೇಳಿ ಊಟಕ್ಕೆ ಹೋದೆ. ಇಲ್ಲಿ ನೆನಪಿಡಬೇಕಾದದ್ದು, ಹಾಡಿನೊಳಗೆ 'ನಾನು' ಎನ್ನುವವನು ಹಾಡುಗಾರನೇ ಆಗಬೇಕಾಗಿಲ್ಲ. ದುರ್ಯೋಧನನ ಮಾತನ್ನು ರನ್ನನ ಮಾತೆಂದು ನಾವು ತಿಳಿಯುತ್ತೇವೆಯೆ?

ಪಲ್ಲವಿಯನ್ನೇ ಕೇಳಿ ಚರಣ ಬಿಡುವವರದು ಇನ್ನೊಂದು ಪಂಗಡ. ೧೯೮೪ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 'ಬಾರ್ನ್ ಇನ್ ದ ಯು.ಎಸ್.ಎ.' ಎಂದು ಹಾಡಿದ. ಪಲ್ಲವಿ ಮುಷ್ಟಿ ಎತ್ತಿ ಕೂಗುವಂಥದು. ಕೇಳಿದರೆ ದೇಶಾಭಿಮಾನ ಉಕ್ಕಬೇಕು. ಚರಣಗಳಲ್ಲಿ ಇರುವುದೇನು? ಸಣ್ಣ ಊರಿನ ಬಡ ಹುಡುಗ, ವಿಯೆಟ್ನಾಮಿನ ಯುದ್ಧಕ್ಕೆ ಹೋಗುತ್ತಾನೆ. ಅಣ್ಣನಂಥವನೊಬ್ಬ ಅಲ್ಲಿ ಸಾಯುತ್ತಾನೆ. ಇವನು ತಿರುಗಿ ಬಂದರೆ ಕೆಲಸವಿಲ್ಲ, ಕೇಳುವವರಿಲ್ಲ. ನಾನು ಇಲ್ಲಿಯೇ ಹುಟ್ಟಿದವನಲ್ಲವೆ, ನನಗೆ ಹೀಗೇಕೆ ಎಂದು ಕೂಗುತ್ತಾನೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಚುನಾವಣೆಯ ಪ್ರವಾಸದಲ್ಲಿ ಅಧ್ಯಕ್ಷ ರೇಗನ್‌ರು ನ್ಯೂ ಜರ್ಸಿಯ ಸಭೆಯಲ್ಲಿ ಈ ಹಾಡುಗಾರನ ಹೆಸರು ಹೇಳಿ, ಅವನ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದು ಹೊಗಳಿದರು. ಹಾಡುಗಾರ ಮುಂದಿನ ಕಚೇರಿಯಲ್ಲಿ, ಅಧ್ಯಕ್ಷರು ನನ್ನ ಯಾವ ಹಾಡನ್ನು ಕೇಳಿದರೋ ಎಂದು ಚಕಿತನಾದನಂತೆ. ರೇಗನ್‌ರನ್ನು ದೂರಬೇಕಾಗಿಲ್ಲ. ನಮ್ಮ ಸಂಘದಲ್ಲಿಯೂ ನಾಡಗೀತೆಯ ಪಲ್ಲವಿಗೆ ಎಲ್ಲರ ದನಿಯೂ ಏರುತ್ತದೆ, ಚರಣಕ್ಕೆ ಬಂದಾಗ ಇಳಿಯುತ್ತದೆ, ಅಧ್ಯಕ್ಷರು ಕ್ಷಮಿಸಬೇಕು.

ಡಾನ್ ಮಕ್ಲೀನ್ ಎಂಬಾತನ 'ಅಮೆರಿಕನ್ ಪೈ' ಬಗೆಗೆ ಒಂದು ಮಾತು ಹೇಳದಿದ್ದರೆ ನನ್ನ ವೃತ್ತಿಗೆ ಅನ್ಯಾಯವಾದೀತು. ೧೯೭೧ರ ಹಾಡು, ಎಂಟೂವರೆ ನಿಮಿಷಕ್ಕೂ ಹೆಚ್ಚು. ೧೯೫೯ರ ಫೆಬ್ರವರಿ ೩ರಂದು ಬಡಿ ಹಾಲಿ ಮೊದಲಾದ ಮೂವರು ತರುಣ ಗಾಯಕರು ವಿಮಾನ ಬಿದ್ದು ಸತ್ತ ದುಃಖದಿಂದ ಅದು ಹೊರಡುತ್ತದೆ. ಹದಿಮೂರು ವರ್ಷದ ಮಕ್ಲೀನ್ ಆಗ ಮನೆಮನೆಗೆ ಪತ್ರಿಕೆ ಹಾಕುವ ಹುಡುಗ. ಮುಂದೆ ರಾಜ, ರಾಣಿ, ವಿದೂಷಕ ಎಂದು ಯಾರು ಯಾರೋ ಬರುತ್ತಾರೆ. ಒಬ್ಬೊಬ್ಬರೂ ಯಾರೆಂದು ಜನ ಐವತ್ತು ವರ್ಷ ಚರ್ಚೆ ಮಾಡಿದ್ದಾರೆ. ಅರ್ಥವೇನೆಂದು ಕೇಳಿದರೆ, ನಾನು ಇನ್ನು ಮೇಲೆ ಕೆಲಸ ಮಾಡಬೇಕಾಗಿಲ್ಲವೆಂದು ಅರ್ಥ ಎನ್ನುತ್ತಿದ್ದನಂತೆ. ೨೦೧೫ರಲ್ಲಿ ಅದರ ಹಸ್ತಪ್ರತಿ ಹರಾಜಿನಲ್ಲಿ ೧೨ ಲಕ್ಷ ಡಾಲರಿಗೆ ಹೋಯಿತು. ಹಾಡಿನ ಅರ್ಥವನ್ನು ಇಷ್ಟು ಖಚಿತವಾಗಿ ಅಂಕಿಯಲ್ಲಿ ಹೇಳಿದ್ದು ನಾನು ಬೇರೆ ಕಂಡಿಲ್ಲ.

ಇನ್ನು ಅಕ್ಕನ ಪ್ರಶ್ನೆ.

ಆ ರಾತ್ರಿ ನಾನು ಮರ್ಕ್ಯುರಿ, ಪಂಚಗಣಿ, ಗೆಲಿಲಿಯೋ ಎಲ್ಲವನ್ನೂ ಅಕ್ಕನಿಗೆ ಉತ್ಸಾಹದಿಂದ ವಿವರಿಸಿದೆ. ಈಗ ನಿಮ್ಮ ಮುಂದೆ ಹೇಳಿದ್ದರಲ್ಲಿ ಅರ್ಧವನ್ನು ಮೊದಲು ಹೇಳಿದ್ದು ಅಲ್ಲಿಯೇ, ನೀರೊಲೆಯ ಪಕ್ಕದಲ್ಲಿ. ಅಕ್ಕ ಕೇಳಿಕೊಂಡಳು. ಆಮೇಲೆ, "ಹಾಡು ಅಂತಿ. ಖರೇ ಇರಬಹುದು. ಸಾವಿರ ಹಾಡು ಇರ್ತಾವಲ್ಲ ಅವರವು. ನನ್ನ ಮಗ ಇದನ್ನ ಯಾಕ ಬರಕೊಂಡಾನ? ಅದೂ ಕೈಲೆ?" ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಇಂದಿನ ಹುಡುಗರು ಹಾಡು ಬೇಕಾದರೆ ಮೊಬೈಲಿನಲ್ಲಿ ನೋಡುತ್ತಾರೆ, ಕೈಯಿಂದ ಬರೆಯುವವರು ಯಾರು? ನೋಟುಬುಕ್ಕನ್ನು ಮತ್ತೆ ತಿರುವಿದೆ. ಹಾಡು ಪೂರ್ತಿ ಇರಲಿಲ್ಲ. ಗೆಲಿಲಿಯೋ ಇರಲಿಲ್ಲ, ಬಿಸ್ಮಿಲ್ಲಾ ಇರಲಿಲ್ಲ. ತಾಯಿಯನ್ನು ಕರೆದು ಹೇಳುವ ಭಾಗ ಮಾತ್ರ ಇತ್ತು. ಅದನ್ನೇ ಎರಡು ಸಲ ಬರೆದಿದ್ದ.

ಹನ್ನೊಂದೂವರೆಗೆ ಹುಡುಗ ಬಂದ. ನನ್ನನ್ನು ನೋಡಿ, ನೋಟುಬುಕ್ಕು ನೋಡಿ, ಬಾಗಿಲಲ್ಲಿಯೇ ನಿಂತ. ಅಕ್ಕ ಏನನ್ನೂ ಕೇಳಲಿಲ್ಲ. ನಾನೇ, "ಯಾಕೋ, ಈ ಹಾಡು ಭಾಳ ಸೇರತದೇನು?" ಎಂದೆ. "ಹೂಂ ಮಾಮಾ" ಎಂದ. ಸ್ವಲ್ಪ ಹೊತ್ತಿಗೆ ಚಪ್ಪಲಿ ಬಿಡದೆಯೇ ಅಲ್ಲಿಯೇ ಕುಳಿತು ಹೇಳಿದ. ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಇಯರ್ ಡೌನ್ ಆಗಿತ್ತು. ಮನೆಯಲ್ಲಿ ಹೇಳದೆ ಆರು ವಾರ ದಿನವೂ ಡಬ್ಬಿ ಕಟ್ಟಿಸಿಕೊಂಡು ಬೆಳಿಗ್ಗೆ ಹೊರಟು, ಸಾಯಂಕಾಲ ಬರುತ್ತಿದ್ದ. ಭಾವನವರು ಅವನ ಫೀಗಾಗಿ ಸಾಲ ತೆಗೆದಿದ್ದರು. ಆ ಸಾಲದ ಅರ್ಜಿ ತುಂಬಿಕೊಟ್ಟವನು ನಾನೇ. ತಾಯಿಗೆ ಹೇಗೆ ಹೇಳಬೇಕೆಂದು ಅವನಿಗೆ ಕನ್ನಡದಲ್ಲಿ ಮಾತು ಹೊಳೆಯಲಿಲ್ಲವಂತೆ, ಮರಾಠಿಯಲ್ಲಿಯೂ ಇಲ್ಲವಂತೆ. ಆ ಹಾಡಿನಲ್ಲಿ ಒಬ್ಬ ಹುಡುಗ ತಾಯಿಗೆ ಹೇಳುತ್ತಾನಲ್ಲ, ಅದನ್ನು ಬರೆದುಕೊಂಡ. "ಅಷ್ಟೇ ಮಾಮಾ, ಬ್ಯಾರೇನಿಲ್ಲ" ಎಂದ. ಬೇರೇನಿಲ್ಲವೆ ಎಂದು ಅಕ್ಕ ಎರಡು ಸಲ ಕೇಳಿದಳು. ಹುಟ್ಟಿದ್ದು ಬೇಡವಾಗಿತ್ತು ಎಂಬ ಮಾತಿನ ಮೇಲೆ ಬೆರಳಿಟ್ಟು, ಇದು? ಎಂದು ಕೇಳಿದಳು. ಅವನು ತಲೆ ತಗ್ಗಿಸಿದ. ಆಮೇಲೆ ಅತ್ತ. ಹತ್ತೊಂಬತ್ತು ವರ್ಷದ ಹುಡುಗ, ನನಗಿಂತ ಎತ್ತರ.

ಇಪ್ಪತ್ತು ವರ್ಷದಿಂದ ಈ ಹಾಡುಗಳನ್ನು ಕೇಳುತ್ತಿರುವವನು ನಾನು. ಹಾಡು ಗುರುತಿಸಿ ನಕ್ಕವನು ನಾನು. ಅಕ್ಷರ ಕೂಡಿಸಿ ಓದಿದ ಅಕ್ಕ, ಅದು ತನ್ನ ಮಗ ತನಗೇ ಬರೆದ ಕಾಗದವೆಂದು ಓದಿದಳು. ಯಾರು ಸರಿಯಾಗಿ ಓದಿದರು ಎಂಬುದನ್ನು ಆ ಮೇಲೆ ನಾನು ಯಾರೊಡನೆಯೂ ವಾದಿಸಿಲ್ಲ.

ಹುಡುಗ ಮುಖ ತೊಳೆದು ಬಂದ ಮೇಲೆ ಅಕ್ಕ, "ಹಚ್ಚು ಅದನ್ನ, ಕೇಳೋಣ" ಎಂದಳು. ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಹಚ್ಚಿದ. ಆರು ನಿಮಿಷವನ್ನೂ ಅಕ್ಕ ಅಲುಗದೆ ಕೇಳಿದಳು. ನಡುವಿನ ಗದ್ದಲ ಬಂದಾಗ, "ಇವರ‍್ಯಾರು, ದೊಡ್ಡಾಟದ ರಾಕ್ಷಸರಂಗ?" ಎಂದು ಸ್ವಲ್ಪ ನಕ್ಕಳು. ಹುಡುಗ ಪಕ್ಕದಲ್ಲಿ ಕುಳಿತು ಯಾರು ಯಾರಿಗೆ ಏನು ಹೇಳುತ್ತಾರೆಂದು ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದ. ಬಿಡುವುದಿಲ್ಲ ಎನ್ನುತ್ತಾರೆ ಅವ್ವಾ, ಇವರು ಬಿಡಿರಿ ಎನ್ನುತ್ತಾರೆ. ಕೊನೆಯ ಗಂಟೆಯ ನಾದ ಮುಗಿಯಿತು. ಅಕ್ಕ ಕೇಳಿದಳು, "ಕಡೀಕ ಆ ಹುಡುಗನ್ನ ಬಿಟ್ಟರೋ ಇಲ್ಲೋ?"

"ಗೊತ್ತಿಲ್ಲ ಅವ್ವಾ. ಹಾಡಿನ್ಯಾಗ ಹೇಳಿಲ್ಲ."

"ಅವರವ್ವ ಬಿಡಿಸಿಕೊಂಡು ಬಂದಿರ್ತಾಳ ಬಿಡು" ಎಂದು ಎದ್ದು, ಆರಿ ತಣ್ಣಗಾಗಿದ್ದ ಸಾರನ್ನು ಮತ್ತೆ ಒಲೆಯ ಮೇಲಿಟ್ಟಳು. ಒಂದು ಗಂಟೆ ರಾತ್ರಿಯಲ್ಲಿ ಮೂವರೂ ರೊಟ್ಟಿ ತಿಂದೆವು.